ಮಾತಾಡುವವನ ಕೈಯಲ್ಲಿ ಬೀಗದ ಕೈ ಇರಬಾರದು

ಪ್ರಶ್ನೆ: ಮೊನ್ನೆ 'ದಿ ಪಾಯಿಂಟ್ ಮೆನ್' ಎಂಬ ಕೊರಿಯನ್ ಸಿನಿಮಾ ನೋಡಿದೆ. ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಕೈಗೆ ಸಿಕ್ಕ ಕೊರಿಯನ್ನರನ್ನು ಬಿಡಿಸುವ ಕಥೆ. ಒಬ್ಬ ವಿದೇಶಾಂಗ ಅಧಿಕಾರಿ, ಒಬ್ಬ ಗುಪ್ತಚರ. ಕೊನೆಗೆ ಅಧಿಕಾರಿಯೇ ಅವರ ಎದುರು ಹೋಗಿ ಕೂರುತ್ತಾನೆ. ನಿಜಕ್ಕೂ ಹೀಗೆ ನಡೆಯುತ್ತದಾ? ಕಮಾಂಡೋಗಳನ್ನು ಕಳಿಸದೆ ವಾರಗಟ್ಟಲೆ ಮಾತಾಡುತ್ತಾ ಕೂರುವುದು ಯಾಕೆ? ದುಡ್ಡು ಕೊಟ್ಟು ಬಿಡಿಸಿಕೊಂಡರೆ ತಪ್ಪೇನು? ಇನ್ನೊಂದು ಸಣ್ಣ ಪ್ರಶ್ನೆ: ಆ ದುಭಾಷಿ ಕಾಸಿಂ ಪಾತ್ರ ಸುಮ್ನೆ ನಗಿಸೋಕೆ ಇಟ್ಟಿದ್ದಾ?

ಉತ್ತರ: ಮೊದಲು ನಿಜವಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ಸಿನಿಮಾ ಎಲ್ಲಿ ಅದರ ಜೊತೆ ನಡೆಯುತ್ತದೆ, ಎಲ್ಲಿ ದಾರಿ ಬಿಡುತ್ತದೆ ಎಂದು ಆಗ ನಿಮಗೇ ತಿಳಿಯುತ್ತದೆ.

2007ರ ಜುಲೈ 19. ದಕ್ಷಿಣ ಕೊರಿಯಾದ ಒಂದು ಚರ್ಚಿನ 23 ಜನ ಬಸ್ಸಿನಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ಹೊರಟಿದ್ದರು. ಹದಿನಾರು ಹೆಂಗಸರು, ಏಳು ಗಂಡಸರು. ಗಜ್ನಿ ಪ್ರಾಂತ್ಯದಲ್ಲಿ ತಾಲಿಬಾನ್ ಬಸ್ಸು ತಡೆದು ಎಲ್ಲರನ್ನೂ ಹೊತ್ತೊಯ್ದಿತು. ಕೊರಿಯಾ ತನ್ನ ಸೈನಿಕರನ್ನು ವಾಪಸ್ ಕರೆಸಿಕೊಳ್ಳಬೇಕು, ಜೈಲಿನಲ್ಲಿರುವ ತಮ್ಮವರನ್ನು ಬಿಡಬೇಕು ಎಂದು ಬೇಡಿಕೆ ಇಟ್ಟರು. ಗಡುವಿನ ಮೇಲೆ ಗಡುವು. ಜುಲೈ ಮುಗಿಯುವುದರೊಳಗೆ ಇಬ್ಬರು ಗಂಡಸರನ್ನು ಕೊಂದರು. ಆಗಸ್ಟ್ 10ರಂದು ಗಜ್ನಿ ಊರಿನ ರೆಡ್ ಕ್ರೆಸೆಂಟ್ (ರೆಡ್ ಕ್ರಾಸಿನಂಥ ನೆರವಿನ ಸಂಸ್ಥೆ) ಕಚೇರಿಯಲ್ಲಿ ಕೊರಿಯನ್ ಅಧಿಕಾರಿಗಳು ಮತ್ತು ತಾಲಿಬಾನ್ ಪ್ರತಿನಿಧಿಗಳು ಮುಖಾಮುಖಿ ಕೂತರು. 13ಕ್ಕೆ ಇಬ್ಬರು ಹೆಂಗಸರು ಹೊರಬಂದರು. ಉಳಿದ 19 ಜನ ಹೊರಬಂದದ್ದು ಆಗಸ್ಟ್ 29 ಮತ್ತು 30ಕ್ಕೆ. ಒಟ್ಟು ಆರು ವಾರ.

ಹಾಗಾಗಿ ಎದುರಾಎದುರು ಕೂತದ್ದು ಕಟ್ಟುಕಥೆ ಅಲ್ಲ. ಆದರೆ ಅದು ಒಬ್ಬನೇ ಒಬ್ಬ ಎದೆಗಟ್ಟಿ ಮಾಡಿಕೊಂಡು ಶತ್ರುವಿನ ಅಡಗುತಾಣಕ್ಕೆ ನುಗ್ಗಿದ ಹಾಗಿರಲಿಲ್ಲ. ಎರಡೂ ಕಡೆಯವರು ಒಪ್ಪಿದ ಮೂರನೆಯವರ ಜಾಗ. ಬಂದು ಹೋಗುವವರಿಗೆ ರಕ್ಷಣೆಯ ಭರವಸೆ. ಅದರ ಹಿಂದೆ ಮೂರು ವಾರಗಳ ಫೋನ್ ಮಾತು. ಊರಿನ ಹಿರಿಯರು, ಸ್ಥಳೀಯ ಅಧಿಕಾರಿಗಳು ಅತ್ತಿಂದಿತ್ತ ಓಡಾಡಿದ ಓಡಾಟ.

ನಿರ್ದೇಶಕಿ ಇಮ್ ಸೂನ್-ರೈ 2023ರಲ್ಲಿ ತೆರೆಗೆ ತಂದ ಸಿನಿಮಾ ಇದು. ಚಿತ್ರೀಕರಣ ನಡೆದದ್ದು ಜೋರ್ಡಾನಿನಲ್ಲಿ. ಕೊರಿಯನ್ ಭಾಷೆಯಲ್ಲಿ ಇದರ ಹೆಸರಿನ ಅರ್ಥವೇ 'ಸಂಧಾನ'. ಆ ಹೆಸರಿಗೆ ತಕ್ಕ ಗೌರವವನ್ನು ಸಿನಿಮಾ ಬಹಳಷ್ಟು ಕಡೆ ಉಳಿಸಿಕೊಂಡಿದೆ. ಒಂದು ಕಡೆ ಮಾತ್ರ ನಿಜದಿಂದ ಪೂರ್ತಿ ದೂರ ಹೋಗುತ್ತದೆ, ನಾನು ಇಲ್ಲಿ ಜಾಸ್ತಿ ಹೇಳಬೇಕಾದ್ದು ಅದನ್ನೇ.

ಸಿನಿಮಾದಲ್ಲಿ ಮಾತಾಡುವವನೇ ತೀರ್ಮಾನವನ್ನೂ ಹೊತ್ತುಕೊಂಡು ಹೋಗುತ್ತಾನೆ. ಎದುರಿನವನು ಬೆದರಿಸುತ್ತಾನೆ, ಇವನು ಅಲ್ಲೇ ಕೂತು ತೀರ್ಮಾನಕ್ಕೆ ಬರುತ್ತಾನೆ. ನೋಡುವವರಿಗೆ ಮೈ ಜುಂ ಎನ್ನುತ್ತದೆ. ಈ ಕೆಲಸದಲ್ಲಿ ಇರುವವರಿಗೆ ಮಾತ್ರ ಹೊಟ್ಟೆಯಲ್ಲಿ ತಳಮಳವಾಗುತ್ತದೆ. ಯಾಕೆಂದರೆ ಈ ಕೆಲಸಕ್ಕೆ ಕಾಲಿಟ್ಟ ಮೊದಲ ದಿನ ಕಲಿಸುವ ಪಾಠವೇ ಇದು: ಮಾತಾಡುವವನು ತೀರ್ಮಾನ ಮಾಡಬಾರದು, ತೀರ್ಮಾನ ಮಾಡುವವನು ಮಾತಾಡಬಾರದು.

ಕಾರಣ ಸರಳ. ನಿಮ್ಮ ಕೈಯಲ್ಲಿ ಬೀಗದ ಕೈ ಇದೆ ಎಂದು ಎದುರಿನವನಿಗೆ ಗೊತ್ತಾದರೆ ಅವನು ಕಾಯುವುದಿಲ್ಲ. 'ಈಗಲೇ ತೆಗಿ, ಇಲ್ಲವಾದರೆ ಒಬ್ಬರು ಸಾಯುತ್ತಾರೆ' ಎನ್ನುತ್ತಾನೆ. ಆಗ ನಿಮ್ಮ ಹತ್ತಿರ ಎರಡೇ ಉತ್ತರ ಉಳಿಯುತ್ತವೆ, ಹೌದು ಅಥವಾ ಇಲ್ಲ. ಎರಡೂ ಅಪಾಯ. ಬೀಗದ ಕೈ ಇನ್ನೊಬ್ಬರ ಹತ್ತಿರ ಇದ್ದರೆ ಮಾತು ಬೇರೆಯೇ ಆಗುತ್ತದೆ. 'ನಾನು ಹೋಗಿ ಕೇಳುತ್ತೇನೆ. ಅವರು ಒಪ್ಪಬೇಕು ಅಂದರೆ ನನಗೆ ನಿಮ್ಮಿಂದ ಒಂದು ಸಹಾಯ ಬೇಕು. ಒಳಗಿರುವವರು ಆರಾಮಾಗಿದ್ದಾರೆ ಅಂತ ನಾನು ಹೇಳುವ ಹಾಗಿರಬೇಕು.' ನೋಡಿ, ಈಗ ನೀವು ಎದುರಿನವನ ಶತ್ರು ಅಲ್ಲ. ಇಬ್ಬರೂ ಸೇರಿ ಮೂರನೆಯವರೊಬ್ಬರನ್ನು ಒಪ್ಪಿಸಬೇಕಾಗಿದೆ. ಸಂಧಾನದ ಅರ್ಧ ಕೆಲಸ ಇಷ್ಟೇ.

ಈ ಪದ್ಧತಿ ತುಂಬಾ ಹಳೆಯದೇನೂ ಅಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಉಗ್ರರ ದಾಳಿಗೆ ಸಿಕ್ಕ ಇಸ್ರೇಲ್ ತಂಡದ ಹನ್ನೊಂದು ಜನ ಸತ್ತರು. ಅವರಲ್ಲಿ ಒಂಬತ್ತು ಜನ ಸತ್ತದ್ದು ವಿಮಾನ ನಿಲ್ದಾಣದಲ್ಲಿ ಪೊಲೀಸರು ನಡೆಸಿದ, ತಯಾರಿಯೇ ಇಲ್ಲದ ರಕ್ಷಣಾ ಯತ್ನದಲ್ಲಿ. ಅದನ್ನು ನೋಡಿ ನ್ಯೂಯಾರ್ಕ್ ಪೊಲೀಸರು 1973ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿದರು. ಹಾರ್ವಿ ಶ್ಲಾಸ್‌ಬರ್ಗ್ ಎಂಬ ಪತ್ತೇದಾರ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದವರು. ಅವರು ಮತ್ತು ಫ್ರಾಂಕ್ ಬೋಲ್ಜ್ ಸೇರಿ ರೂಪಿಸಿದ ರೀತಿಯೇ ಆಮೇಲೆ ಬೇರೆ ಕಡೆಗೂ ಹರಡಿತು.

ಒಂದು ಸಂಧಾನದ ಕೋಣೆ ಹೇಗಿರುತ್ತದೆ ಎಂದು ಹತ್ತಿರದಿಂದ ತೋರಿಸುತ್ತೇನೆ. ಫೋನಿನಲ್ಲಿ ಮಾತಾಡುವವರು ಒಬ್ಬರೇ. ಅವರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಇನ್ನೊಬ್ಬರು, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಚೀಟಿಗಳ ಕಟ್ಟು. ಅವರು ಬಾಯಿ ಬಿಡುವುದಿಲ್ಲ, ಬರೆದು ತಳ್ಳುತ್ತಾರೆ ಅಷ್ಟೇ. ಗೋಡೆಯ ತುಂಬಾ ದೊಡ್ಡ ಹಾಳೆಗಳು. ಒಂದರಲ್ಲಿ ಒತ್ತೆಯಾಳುಗಳ ಹೆಸರು, ವಯಸ್ಸು, ಯಾರಿಗೆ ಯಾವ ಮಾತ್ರೆ ಬೇಕು. ಇನ್ನೊಂದರಲ್ಲಿ ಬೇಡಿಕೆಗಳು. ಮತ್ತೊಂದರಲ್ಲಿ ಈ ಕಡೆಯಿಂದ ಕೊಟ್ಟ ಪ್ರತಿಯೊಂದು ಮಾತು, ಅದನ್ನು ಕೊಟ್ಟ ಗಂಟೆ. ಕೊಟ್ಟ ಮಾತು ತಪ್ಪಿದರೆ ಎಲ್ಲ ಮುಗಿಯಿತು. ತೀರ್ಮಾನ ಮಾಡುವ ಹಿರಿಯರು ಈ ಕೋಣೆಯಲ್ಲಿ ಇರುವುದೇ ಇಲ್ಲ, ಬೇರೆ ಕೋಣೆಯಲ್ಲಿ ಇರುತ್ತಾರೆ.

ನನ್ನ ತರಬೇತಿಯ ದಿನಗಳ ಒಂದು ಸಂಜೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಅಭ್ಯಾಸದ ನಾಟಕ. ಪಕ್ಕದ ಕೋಣೆಯಲ್ಲಿ ಹಿರಿಯ ಶಿಕ್ಷಕರೊಬ್ಬರು ಅಪಹರಣಕಾರನ ಪಾತ್ರದಲ್ಲಿ ಕೂತಿದ್ದರು. ನಾನು ಫೋನ್ ಹಿಡಿದಿದ್ದೆ. 'ನಾಲ್ಕು ಗಂಟೆಗೆ ವ್ಯಾನ್ ಬರಬೇಕು. ಬರದಿದ್ದರೆ ಒಬ್ಬರ ಹೆಣ ಹೊರಗೆ ಬರುತ್ತದೆ' ಎಂದರು. ನಾನು 'ನೋಡೋಣ' ಎಂದೆ. ತಕ್ಷಣ ಪಕ್ಕದಿಂದ ಚೀಟಿ ಬಂತು: 'ನೋಡೋಣ ಅನ್ನಬೇಡ. ಅವನು ಹೌದು ಅಂದುಕೊಳ್ಳುತ್ತಾನೆ.'

ನಮ್ಮ ಮಾತಿನಲ್ಲಿ 'ನೋಡೋಣ' ಎಂದರೆ ಆಗಲಿ ಅಂತಲೂ ಆಗುತ್ತದೆ, ಆಗಲ್ಲ ಅಂತಲೂ ಆಗುತ್ತದೆ. ಸಾಲ ಕೇಳಿದವರಿಗೂ ಅದೇ ಉತ್ತರ, ಹೆಣ್ಣು ಕೇಳಿದವರಿಗೂ ಅದೇ ಉತ್ತರ ಅಲ್ವಾ? ದಿನದ ಬದುಕಿನಲ್ಲಿ ಅದು ಒಳ್ಳೆಯ ಮಾತು. ಆದರೆ ಬಂದೂಕು ಹಿಡಿದವನಿಗೆ ನಾಲ್ಕು ಗಂಟೆಗೆ ವ್ಯಾನ್ ಬರದಿದ್ದಾಗ ಅದು ಮೋಸ ಎನ್ನಿಸುತ್ತದೆ. ಆಮೇಲೆ ಶಿಕ್ಷಕರು ಮಾಡಬೇಕಾದದ್ದು ಏನು ಎಂದು ತೋರಿಸಿಕೊಟ್ಟರು. ಗಡುವು ಬರುವ ತನಕ ಕಾಯಬೇಡಿ, ಇಪ್ಪತ್ತು ನಿಮಿಷ ಮೊದಲೇ ನೀವೇ ಫೋನ್ ಮಾಡಿ. ನಾಲ್ಕು ಗಂಟೆ ಎಂಬ ಮಾತನ್ನು ಎತ್ತಲೇ ಬೇಡಿ. ವ್ಯಾನಿನಲ್ಲಿ ಎಷ್ಟು ಜನ ಕೂರಬೇಕು, ಯಾರು ಓಡಿಸುತ್ತಾರೆ, ಯಾವ ರಸ್ತೆ, ಒಳಗಿರುವ ಆಸ್ತಮಾ ಇರುವ ಹುಡುಗಿ ಹೇಗಿದ್ದಾಳೆ ಎಂದು ಕೇಳುತ್ತಾ ಹೋಗಿ. ಹಾಗೇ ಮಾಡಿದೆ. ಗಡಿಯಾರ ನಾಲ್ಕು ದಾಟಿತು, ನಾಲ್ಕೂಕಾಲು ಆಯಿತು. ಮಾತು ನಡೆದೇ ಇತ್ತು. ಒಂದು ಗಡುವು ಸದ್ದಿಲ್ಲದೆ ಸತ್ತಿತು. ಎರಡನೆಯ ಗಡುವಿಗೆ ಮೊದಲಿನಷ್ಟು ಹಲ್ಲು ಇರಲಿಲ್ಲ.

2007ರಲ್ಲೂ ಗಡುವುಗಳು ಮತ್ತೆ ಮತ್ತೆ ಮುಂದೆ ಹೋದವು. ಸಿನಿಮಾದಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುವಾಗ ಎದೆ ಡವಡವ ಎನ್ನುತ್ತದೆ, ಸರಿಯೇ. ಆದರೆ ಆ ಮುಂದೆ ಹೋದ ಪ್ರತಿ ಗಡುವಿನ ಹಿಂದೆ ಯಾರೋ ಒಬ್ಬರು ನಿದ್ದೆಗೆಟ್ಟು ಹೀಗೆ ಸಣ್ಣ ಸಣ್ಣ ವಿಷಯ ಮಾತಾಡಿದ್ದಾರೆ. ಹಾಗೆಂದು ಮಾತು ಎಲ್ಲವನ್ನೂ ಉಳಿಸುತ್ತದೆ ಎಂದು ನಾನು ಹೇಳುವುದಿಲ್ಲ. ಆ ಇಬ್ಬರು ಉಳಿಯಲಿಲ್ಲ.

ಈಗ ಕಮಾಂಡೋಗಳ ವಿಷಯ. ಒಳಗೆ ನುಗ್ಗಬೇಕಾದರೆ ಮೊದಲು 'ಒಳಗೆ' ಎಂದರೆ ಎಲ್ಲಿ ಎಂದು ಗೊತ್ತಿರಬೇಕು. ಗಜ್ನಿಯಲ್ಲಿ ತಾಲಿಬಾನ್ ಆ ಜನರನ್ನು ಸಣ್ಣ ಸಣ್ಣ ಗುಂಪು ಮಾಡಿ ಬೇರೆ ಬೇರೆ ಜಾಗದಲ್ಲಿ ಇಟ್ಟಿತ್ತು. ಒಂದು ಮನೆಯ ಬಾಗಿಲು ಒಡೆದರೆ ಉಳಿದ ಮನೆಗಳಲ್ಲಿ ಇರುವವರ ಗತಿ? ಎಲ್ಲ ಕಡೆ ಒಂದೇ ನಿಮಿಷಕ್ಕೆ ಹೋಗಬೇಕು. ಅದೂ ಬೇರೆ ದೇಶದ ನೆಲದಲ್ಲಿ, ಆ ದೇಶದ ಅನುಮತಿ ಪಡೆದು.

ಎಷ್ಟೇ ದೊಡ್ಡ ಸೇನೆ ಇದ್ದರೂ ಕೈ ಕೊಡುತ್ತದೆ ಎನ್ನುವುದಕ್ಕೆ 1980ರ ಏಪ್ರಿಲ್ ಸಾಕ್ಷಿ. ಟೆಹರಾನಿನ ತನ್ನ ರಾಯಭಾರ ಕಚೇರಿಯಲ್ಲಿ ಒತ್ತೆಯಾಳಾಗಿ ಸಿಕ್ಕಿಬಿದ್ದವರನ್ನು ತರಲು ಅಮೆರಿಕ ಎಂಟು ಹೆಲಿಕಾಪ್ಟರ್ ಕಳಿಸಿತು. ಕನಿಷ್ಠ ಆರು ಬೇಕಿತ್ತು. ಮರುಭೂಮಿಯ ನಡುವಿನ ತಾಣಕ್ಕೆ ಬರುವಷ್ಟರಲ್ಲಿ ಕೆಲಸಕ್ಕೆ ಉಳಿದದ್ದು ಐದು. ವಾಪಸ್ ಹೊರಡುವಾಗ ಒಂದು ಹೆಲಿಕಾಪ್ಟರ್ ತಮ್ಮದೇ ವಿಮಾನಕ್ಕೆ ಬಡಿದು ಎಂಟು ಸೈನಿಕರು ಸತ್ತರು. ಇರಾನ್ ಆಮೇಲೆ ಒತ್ತೆಯಾಳುಗಳನ್ನು ಬೇರೆ ಬೇರೆ ಊರುಗಳಿಗೆ ಹಂಚಿಬಿಟ್ಟಿತು. ಕೊನೆಗೆ ಆ 52 ಜನ ಮನೆಗೆ ಬಂದದ್ದು ಅಲ್ಜೀರಿಯಾ ನಡುವೆ ನಿಂತು ಮಾತಾಡಿದ್ದರಿಂದ, 1981ರ ಜನವರಿ 20ಕ್ಕೆ, 444ನೇ ದಿನ.

'ಹಾಗಾದರೆ ಎಂಟೆಬೆ?' ಎಂದು ನೀವು ಕೇಳಬಹುದು. ಕೇಳಲೇಬೇಕು. 1976ರಲ್ಲಿ ಇಸ್ರೇಲಿನ ಕಮಾಂಡೋಗಳು ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಹಾರಿ ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣದಿಂದ ಅಪಹೃತ ವಿಮಾನದ 102 ಜನರನ್ನು ಕರೆತಂದರು. ಎಲ್ಲರೂ ನೆನಪಿಡುವುದು ಆ ರಾತ್ರಿಯನ್ನು. ನಾನು ನೆನಪಿಡುವುದು ಅದಕ್ಕೂ ಹಿಂದಿನ ಜುಲೈ 1ನ್ನು. ಗಡುವು ಅವತ್ತಿಗೇ ಇತ್ತು. ಮಾತಿಗೆ ಸಿದ್ಧ ಎಂದು ಇಸ್ರೇಲ್ ಸರ್ಕಾರ ಹೇಳಿತು. ಗಡುವು ಜುಲೈ 4ಕ್ಕೆ ಹೋಯಿತು. ಆ ಮೂರು ದಿನದಲ್ಲಿ ಎಷ್ಟೆಲ್ಲ ಆಯಿತು ನೋಡಿ. ಮೊದಲೇ ಬಿಡುಗಡೆಯಾಗಿ ಪ್ಯಾರಿಸ್ಸಿಗೆ ಬಂದಿದ್ದ ಪ್ರಯಾಣಿಕರನ್ನು ಕೂರಿಸಿ ಕಾವಲುಗಾರರು ಎಷ್ಟು, ಎಲ್ಲಿ ಮಲಗುತ್ತಾರೆ ಎಂದು ಕೇಳಿ ತಿಳಿದರು. ಆ ನಿಲ್ದಾಣದ ಕಟ್ಟಡ ಕಟ್ಟಿದ್ದು ಇಸ್ರೇಲಿನದೇ ಒಂದು ಕಂಪನಿ, ಹಾಗಾಗಿ ಕಟ್ಟಡದ ವಿವರವೂ ಸಿಕ್ಕಿತು. ಮಾತು ಮೂರು ದಿನ ಗಳಿಸಿ ಕೊಡದಿದ್ದರೆ ಆ ರಾತ್ರಿ ಇರುತ್ತಲೇ ಇರಲಿಲ್ಲ.

ಮುಂದಿನ ವರ್ಷ ಸೊಮಾಲಿಯಾದ ಮೊಗದಿಶುವಿನಲ್ಲೂ ಹೀಗೇ ಆಯಿತು. ಅಪಹೃತ ಜರ್ಮನ್ ವಿಮಾನ. 'ನೀವು ಕೇಳಿದ ಕೈದಿಗಳನ್ನು ಬಿಡುತ್ತಿದ್ದೇವೆ, ಕರೆತರುತ್ತಿದ್ದೇವೆ' ಎಂದು ಹೇಳಿ ಗಡುವು ಮುಂದಕ್ಕೆ ಹಾಕಿಸಿದರು. ರಾತ್ರಿ ವಿಮಾನದ ಮುಂದೆ ಸ್ವಲ್ಪ ದೂರದಲ್ಲಿ ಬೆಂಕಿ ಹಚ್ಚಿದರು. ಅದೇನೆಂದು ನೋಡಲು ಅಪಹರಣಕಾರರು ಮುಂದೆ ಬಂದ ಹೊತ್ತಿಗೆ ಜರ್ಮನ್ ಕಮಾಂಡೋಗಳು ಬಾಗಿಲು ತೆರೆದರು. 86 ಪ್ರಯಾಣಿಕರೂ ಬದುಕಿದರು. ಇಲ್ಲಿ ಸೊಮಾಲಿಯಾ ಸರ್ಕಾರದ ಒಪ್ಪಿಗೆ ಇತ್ತು, ಅದನ್ನು ಮರೆಯಬಾರದು. 1999ರ ಕೊನೆಗೆ ನಮ್ಮ ಐಸಿ 814 ವಿಮಾನ ಕಂದಹಾರದಲ್ಲಿ ನಿಂತಾಗ ಅಂಥ ಒಪ್ಪಿಗೆ ಎಲ್ಲಿತ್ತು? ತಾಲಿಬಾನ್ ತನ್ನ ಬಂದೂಕುಧಾರಿಗಳನ್ನು ವಿಮಾನದ ಸುತ್ತ ನಿಲ್ಲಿಸಿತ್ತು. ಅಪಹರಣಕಾರರು ಮೊದಲು 36 ಕೈದಿಗಳು ಮತ್ತು 20 ಕೋಟಿ ಡಾಲರ್ ಕೇಳಿದ್ದರು. ಕೊನೆಗೆ ನಿಂತದ್ದು ಮೂವರು ಕೈದಿಗಳಿಗೆ. ಆ ಮೂವರನ್ನು ಬಿಟ್ಟದ್ದಕ್ಕೆ ತೆತ್ತ ಬೆಲೆ ದೊಡ್ಡದು, ಅದರ ಸಿಟ್ಟು ಇವತ್ತಿಗೂ ಇದೆ. ಆದರೆ ಆ 36 ಮೂರಕ್ಕೆ ಇಳಿದದ್ದು ವಿಮಾನದ ಹೊರಗೆ ನಿಂತು ದಿನಗಟ್ಟಲೆ ಮಾತಾಡಿದವರ ಶ್ರಮ ಎನ್ನುವುದನ್ನೂ ಹೇಳಬೇಕು.

ಮೊಗದಿಶುವಿನ ಆ ಸುಳ್ಳಿನ ಬಗ್ಗೆ ಒಂದು ಮಾತು. ಸುಳ್ಳು ಹೇಳಬಹುದಾ ಎಂದು ಹೊಸಬರು ಯಾವಾಗಲೂ ಕೇಳುತ್ತಾರೆ. ಬಾಗಿಲು ಒಡೆಯುವುದು ನಿಶ್ಚಯವಾಗಿದ್ದರೆ ಮಾತ್ರ, ಅದೂ ಒಂದೇ ಸಲ. ಅದಾದ ಮೇಲೆ ನಿಮ್ಮ ಯಾವ ಮಾತಿಗೂ ಬೆಲೆ ಇರುವುದಿಲ್ಲ.

ದುಡ್ಡಿನ ಪ್ರಶ್ನೆ ಕಷ್ಟದ್ದು. ಕೊರಿಯಾ ಸರ್ಕಾರ ದುಡ್ಡು ಕೊಟ್ಟಿಲ್ಲ ಎಂದೇ ಹೇಳಿತು. ಬಹಿರಂಗವಾಗಿ ಒಪ್ಪಿಕೊಂಡದ್ದು ಎರಡು. ಸುಮಾರು 200 ಸೈನಿಕರನ್ನು ವರ್ಷದ ಕೊನೆಗೆ ವಾಪಸ್ ಕರೆಸುವುದು, ಕೊರಿಯನ್ ಮಿಷನರಿಗಳು ಅಲ್ಲಿಗೆ ಹೋಗದಂತೆ ತಡೆಯುವುದು. ಇದರಲ್ಲಿ ಮೊದಲನೆಯದನ್ನು ಸ್ವಲ್ಪ ಗಮನಿಸಿ. ಆ ಸೈನಿಕರು 2007ರ ಕೊನೆಗೆ ವಾಪಸ್ ಬರುವುದು ಅಪಹರಣಕ್ಕೂ ಮೊದಲೇ ತೀರ್ಮಾನವಾಗಿತ್ತು! ಹೇಗೂ ಮಾಡಲಿರುವ ಕೆಲಸವನ್ನೇ ಎದುರಿನವನು ಗೆಲುವು ಎಂದು ಹೇಳಿಕೊಳ್ಳುವ ಹಾಗೆ ಕೈಗಿಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತೇವಲ್ಲ, ಅಂಥ ದಾರಿ. ಹೀಗೆ ಮೊದಲೇ ಜೇಬಿನಲ್ಲಿರುವ ವಸ್ತು ಯಾವುದು ಎಂದು ಹುಡುಕುವುದೇ ಸಂಧಾನಕಾರನ ದೊಡ್ಡ ಜಾಣತನ. ಸಿನಿಮಾ ಇದನ್ನು ಇನ್ನಷ್ಟು ಹೊತ್ತು ತೋರಿಸಬೇಕಿತ್ತು ಎಂದು ನನಗೆ ಅನ್ನಿಸಿತು. ಆದರೆ ಕೆನಡಾ ಸರ್ಕಾರ ಕೊರಿಯಾದ ಈ ನಡೆಯನ್ನು ಬಹಿರಂಗವಾಗಿ ಟೀಕಿಸಿತು. ತಾಲಿಬಾನನ್ನು ಸಮಾನರ ಹಾಗೆ ಮೇಜಿಗೆ ಕರೆದದ್ದು ಅವರಿಗೆ ಸಿಕ್ಕ ಮರ್ಯಾದೆ ಎಂಬ ವಾದ ಸುಳ್ಳಲ್ಲ.

ಇನ್ನು ದುಡ್ಡೇ ಕೇಳುವ ಅಪಹರಣಗಳು. ಅಲ್ಲಿ ಮೊತ್ತಕ್ಕಿಂತ ಮೊತ್ತ ಏರುವ ರೀತಿ ಮುಖ್ಯ. ಬಿಡಿಸಿಕೊಳ್ಳುವವರು ತಾವು ಕೊಡುವ ಮೊತ್ತವನ್ನು ಮೊದಲ ಸಲ ಸ್ವಲ್ಪ ಜಾಸ್ತಿ ಏರಿಸುತ್ತಾರೆ, ಎರಡನೆಯ ಸಲ ಅದರ ಅರ್ಧ, ಮೂರನೆಯ ಸಲ ಅದಕ್ಕೂ ಕಡಿಮೆ. ದುಂಡು ಮೊತ್ತ ಹೇಳುವುದಿಲ್ಲ, ಚಿಲ್ಲರೆ ಸಮೇತ ಹೇಳುತ್ತಾರೆ, ಒಡವೆ ಮಾರಿ, ನೆಂಟರ ಹತ್ತಿರ ಕೇಳಿ ಕೂಡಿಸಿದ ಹಾಗೆ. ಚೀಲದ ತಳ ಕಾಣುತ್ತಿದೆ ಎಂದು ಎದುರಿನವನಿಗೆ ತಾನೇ ಅರ್ಥವಾಗಬೇಕು. ಬೇಗ ಕೊಟ್ಟರೆ ಬೇಗ ಬಿಡುತ್ತಾರೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಮೊದಲ ಕರೆಯಲ್ಲೇ ಒಪ್ಪಿಬಿಟ್ಟರೆ 'ಇವರ ಹತ್ತಿರ ಇನ್ನೂ ಇದೆ' ಎಂದು ಮತ್ತೊಂದು ಬೇಡಿಕೆ ಬರುತ್ತದೆ. ಅದಕ್ಕೂ ಮೊದಲು, ವ್ಯಕ್ತಿ ಬದುಕಿದ್ದಾರೆ ಎಂದು ಖಚಿತವಾಗಬೇಕು. ಅದಕ್ಕೆ ಫೋಟೋ ಸಾಲದು. ಅವರಿಗೊಬ್ಬರಿಗೇ ಉತ್ತರ ಗೊತ್ತಿರುವ ಪ್ರಶ್ನೆ ಕಳಿಸುತ್ತಾರೆ. ಚಿಕ್ಕಂದಿನಲ್ಲಿ ಸಾಕಿದ ನಾಯಿಯ ಹೆಸರೇನು, ಅಂಥದ್ದು. ಈ ಪ್ರಶ್ನೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕತ್ತಲೆ ಕೋಣೆಯಲ್ಲಿ ಕೂತವರ ಕಿವಿಗೆ ಆ ನಾಯಿಯ ಮಾತು ಬಿದ್ದ ಕೂಡಲೇ ಮನೆಯವರು ತನ್ನನ್ನು ಬಿಟ್ಟಿಲ್ಲ ಎಂದು ತಿಳಿಯುತ್ತದೆ.

ತಪ್ಪೇನು ಎಂದು ಕೇಳಿದಿರಿ. ಇಟಲಿಯಲ್ಲಿ 1991ರ ಕಾನೂನು ಅಪಹೃತರ ಮನೆಯವರ ಆಸ್ತಿಯನ್ನೇ ತಡೆಹಿಡಿಯುತ್ತದೆ, ದುಡ್ಡು ಕೊಡಲಾಗಬಾರದು ಎಂದು. ಭಯೋತ್ಪಾದಕರಿಗೆ ಒತ್ತೆಹಣ ಸೇರದಂತೆ ತಡೆಯಿರಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2014ರಲ್ಲಿ ನಿರ್ಣಯ ಮಾಡಿತು. ಸರ್ಕಾರಗಳಿಗೆ ಅದು ಸರಿ, ಸರ್ಕಾರ ಕೊಟ್ಟದ್ದು ಮುಂದಿನ ಅಪಹರಣಕ್ಕೆ ಬಂಡವಾಳ. ಆದರೆ ಮಗಳನ್ನು ಉಳಿಸಿಕೊಳ್ಳಲು ಹೊಲ ಮಾರುವ ತಾಯಿಯನ್ನು ನಾನು ಯಾವತ್ತೂ ತಪ್ಪು ಎನ್ನಲಾರೆ. ಅಮೆರಿಕ ಕೂಡ 2015ರಲ್ಲಿ, ಹಾಗೆ ದುಡ್ಡು ಕೊಡುವ ಮನೆಯವರ ಮೇಲೆ ಕೇಸು ಹಾಕುವುದಿಲ್ಲ ಎಂದು ಸ್ಪಷ್ಟ ಮಾಡಿತು.

ಕೊನೆಗೆ ಕಾಸಿಂ. ಕಾಂಗ್ ಕಿ-ಯಂಗ್ ಆ ಪಾತ್ರವನ್ನು ಚೆನ್ನಾಗಿ ಮಾಡಿದ್ದಾರೆ, ನಗು ಬರುವುದು ಸಹಜ. ಆದರೆ ಇಡೀ ಸಿನಿಮಾದಲ್ಲಿ ನಿಜಕ್ಕೆ ತೀರ ಹತ್ತಿರ ಇರುವ ಪಾತ್ರ ಅದೇ. ಕೊರಿಯನ್ ಮತ್ತು ಅಫ್ಘಾನಿಸ್ತಾನದ ಪಷ್ತೋ, ಎರಡೂ ಭಾಷೆ ಬಲ್ಲವರು ಎಷ್ಟು ಜನ ಸಿಕ್ಕಾರು? ನಡುವೆ ಇಂಗ್ಲಿಷ್ ಬಂದರೆ ಒಂದು ಮಾತು ಎರಡು ಸಲ ಬಟ್ಟೆ ಬದಲಿಸುತ್ತದೆ. ನನ್ನ ಆ 'ನೋಡೋಣ' ಒಂದೇ ಭಾಷೆಯೊಳಗೇ ಕಾಲು ಜಾರಿತ್ತು. ಎರಡು ಭಾಷೆ ದಾಟುವಾಗ ಏನಾಗಬಹುದು, ಯೋಚಿಸಿ. ಒಳ್ಳೆಯ ದುಭಾಷಿ ಬೆದರಿಕೆಯನ್ನು ಮೆತ್ತಗೆ ಮಾಡುವುದಿಲ್ಲ, ಬೈಗುಳವನ್ನು ನುಂಗುವುದಿಲ್ಲ. 'ಅವನು ಹೀಗಂದ' ಎನ್ನದೆ 'ನಾನು' ಎಂದೇ ಹೇಳುತ್ತಾನೆ. ಆಮೇಲೆ ಫೋನ್ ಇಟ್ಟ ಮೇಲೆ, 'ಸರ್, ಕೊನೆಯಲ್ಲಿ ಅವನ ದನಿ ತಗ್ಗಿತು, ಪಕ್ಕದಲ್ಲಿ ಯಾರೋ ಹಿರಿಯರು ಬಂದ ಹಾಗಿತ್ತು' ಎನ್ನುತ್ತಾನೆ. ಆ ಒಂದು ವಾಕ್ಯಕ್ಕೆ ಬೆಲೆ ಕಟ್ಟಲಾಗದು. ಪಷ್ತೋ ಆಡುವ ಪಷ್ತೂನರ ನಡುವೆ ಅತಿಥಿ, ಆಶ್ರಯ, ಹೆಂಗಸರ ಮಾನ ಎಂಬ ಮಾತುಗಳಿಗೆ ಎಷ್ಟು ತೂಕ ಎಂದು ಪುಸ್ತಕ ಓದಿ ಬಂದ ಅಧಿಕಾರಿಗೆ ಗೊತ್ತಾಗದು. ಹೆಂಗಸರನ್ನು ಒತ್ತೆ ಇಡುವುದು ಅಫ್ಘನ್ ಸಂಸ್ಕೃತಿಗೆ ಅವಮಾನ ಎಂದು ಅಲ್ಲಿನ ಆಗಿನ ಅಧ್ಯಕ್ಷ ಕರ್ಜಾಯ್ ಹೇಳಿದ್ದು ಸುಮ್ನೆ ಅಲ್ಲ.

ಆ ಜುಲೈನಲ್ಲಿ ಕರ್ಜಾಯ್ ಕೈದಿಗಳನ್ನು ಬಿಡಲು ಯಾಕೆ ಒಪ್ಪಲಿಲ್ಲ ಎನ್ನುವುದಕ್ಕೂ ಒಬ್ಬ ದುಭಾಷಿಯ ಕಥೆಗೂ ಸಂಬಂಧ ಇದೆ. 2007ರ ಮಾರ್ಚ್‌ನಲ್ಲಿ ಇಟಲಿಯ ಪತ್ರಕರ್ತ ದಾನಿಯೆಲೆ ಮಾಸ್ತ್ರೊಜಾಕೊಮೊ ಅವರನ್ನು ಹೆಲ್ಮಂದ್ ಪ್ರಾಂತ್ಯದಲ್ಲಿ ತಾಲಿಬಾನ್ ಹಿಡಿಯಿತು. ಜೊತೆಗೆ ಚಾಲಕ, ಜೊತೆಗೆ ದುಭಾಷಿಯಾಗಿ ಹೋಗಿದ್ದ ಅಫ್ಘನ್ ಪತ್ರಕರ್ತ ಅಜ್ಮಲ್ ನಕ್ಷ್‌ಬಂದಿ. ಚಾಲಕನನ್ನು ಅಲ್ಲೇ ಕೊಂದರು. ಐವರು ತಾಲಿಬಾನ್ ಕೈದಿಗಳನ್ನು ಬಿಟ್ಟು ಇಟಲಿಯವರನ್ನು ಬಿಡಿಸಿಕೊಂಡರು. ಇಂಥ ಅದಲುಬದಲು ಇನ್ನು ಮುಂದೆ ಇಲ್ಲ ಎಂದು ಕರ್ಜಾಯ್ ಹೇಳಿದರು. ಪತ್ರಕರ್ತ ರೋಮ್ ಸೇರಿದರು. ಅಜ್ಮಲ್ ಅವರನ್ನು ತಾಲಿಬಾನ್ ಬಿಡಲಿಲ್ಲ. ಏಪ್ರಿಲ್ 8ರಂದು ಕೊಂದಿತು. ಕೊರಿಯನ್ನರ ಬಸ್ಸು ಗಜ್ನಿಯ ರಸ್ತೆಗೆ ಬರುವುದಕ್ಕೆ ಆಗ ಉಳಿದಿದ್ದದ್ದು ಮೂರು ತಿಂಗಳ ಮೇಲೆ ಕೆಲವು ದಿನ ಅಷ್ಟೇ.